ಅಂಬಾಸಿಡರ್ ಮಾರ್ಕ್ 3: ‘ಬಿಗ್ ಎಂಡ್ ಹೋಗಿದೆ’ ಅಂದಿದ್ದ ಎಂಜಿನ್‌ನಲ್ಲಿ ಸಿಕ್ಕ ಎರಡು ಸದ್ದು

ಗಾಡಿಯಲ್ಲಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್, ಅಂದರೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಹಳೆಯ ಬಿ-ಸೀರೀಸ್. ಬೋರ್ 73 ಮಿಮೀ, ಸ್ಟ್ರೋಕ್ 88.9 ಮಿಮೀ, ಮೂರು ಮೇನ್ ಬೇರಿಂಗ್, ಫೈರಿಂಗ್ ಆರ್ಡರ್ 1-3-4-2. ತಣ್ಣಗಿರುವಾಗ ಸುಮಾರಾಗಿ ಸರಿಯಾಗಿಯೇ ಓಡುತ್ತದೆ. ಕಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಬಡಿತ ಶುರು, ಸ್ವಲ್ಪ ರೇಸ್ ಕೊಟ್ಟರೆ ಕಡಿಮೆ. ಕೇಳಿದ ಮೇಸ್ತ್ರಿಗಳೆಲ್ಲ ಹೇಳಿದ್ದು ಒಂದೇ ಮಾತು: ‘ಬಿಗ್ ಎಂಡ್ ಹೋಗಿದೆ, ಎಂಜಿನ್ ಇಳಿಸಿ.’ ಬಿಗ್ ಎಂಡ್ ಅಂದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಶಾಫ್ಟಿಗೆ ಸೇರುವ ಕಡೆಯ ಬೇರಿಂಗ್.

ಇಳಿಸುವ ಮೊದಲು ಖಾತ್ರಿ ಮಾಡಿಕೊಳ್ಳಲೇಬೇಕು. ಕ್ರ್ಯಾಂಕ್ ಒಮ್ಮೆ ಗ್ರೈಂಡಿಂಗ್‌ಗೆ ಹೋದರೆ 0.25 ಮಿಮೀ ಲೋಹ ಹೋದ ಹಾಗೆಯೇ, ಅದು ವಾಪಸ್ ಬರುವುದಿಲ್ಲ. ಈ ಎಂಜಿನ್‌ಗೆ ಅಳತೆ ಉಳಿದಿರುವ ಕ್ರ್ಯಾಂಕ್ ಇನ್ನೊಂದು ಹುಡುಕುವುದು ಈಗ ಸುಲಭವಿಲ್ಲ.

ಮೊದಲ ಭಾನುವಾರ: ಏನನ್ನೂ ಬಿಚ್ಚದೆ

ಹೆಬ್ಬಾಳದಿಂದ ದೇವನಹಳ್ಳಿಗೆ ಹೋಗಿ ಬಂದು, ಆಯಿಲ್ ಚೆನ್ನಾಗಿ ಕಾದ ಮೇಲೆ ಪ್ರೆಶರ್ ನೋಡಿದೆವು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬದೆ ಬೇರೆ ಗೇಜ್ ಕಟ್ಟಿದ್ದೆವು. ಐಡ್ಲಿಂಗ್‌ನಲ್ಲಿ 18 ಪಿಎಸ್‌ಐ, ಓಡುವಾಗ 48. ಈ ಎಂಜಿನ್‌ಗೆ 15 ಮತ್ತು 50 ಇದ್ದರೆ ಆರೋಗ್ಯ ಎಂದೇ ಲೆಕ್ಕ. ಆದರೆ ಇದೊಂದನ್ನೇ ನೆಚ್ಚಿಕೊಂಡು ಬೇರಿಂಗ್ ಸರಿಯಿದೆ ಎಂದು ಬರೆದುಕೊಡಲಾಗದು. ನಾಲ್ಕರಲ್ಲಿ ಒಂದು ಬಿಗ್ ಎಂಡ್ ಮಾತ್ರ ಸಡಿಲವಾಗಿದ್ದರೆ ಪ್ರೆಶರ್ ಅಷ್ಟೇನೂ ಇಳಿಯುವುದಿಲ್ಲ.

ನಿಜವಾಗಿ ದಾರಿ ತೋರಿಸಿದ್ದು ಟೈಮಿಂಗ್ ಲೈಟ್. ಇದನ್ನು ಇಗ್ನಿಷನ್ ಸೆಟ್ ಮಾಡಲು ಮಾತ್ರ ಬಳಸಿ ಮೂಲೆಗಿಡುತ್ತಾರೆ, ಸದ್ದು ಹಿಡಿಯಲು ಇದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಒಂದನೇ ಪ್ಲಗ್‌ನ ವೈರ್‌ಗೆ ಕ್ಲಿಪ್ ಹಾಕಿದರೆ ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಲೈಟ್ ಒಂದು ಸಲ ಮಿನುಗುತ್ತದೆ, ಅಂದರೆ ಕ್ಯಾಮ್ ಶಾಫ್ಟ್‌ನ ವೇಗದಲ್ಲೇ. 800 ಆರ್‌ಪಿಎಂನಲ್ಲಿ ನಿಮಿಷಕ್ಕೆ 400 ಮಿನುಗು. ಪ್ರತಿ ಮಿನುಗಿಗೆ ಸದ್ದು ಒಂದೇ ಸಲ ಬಂದರೆ ವಾಲ್ವ್, ಅದನ್ನು ಒತ್ತಿ ತೆರೆಯುವ ರಾಕರ್, ರಾಕರನ್ನು ಎತ್ತುವ ಪುಶ್ ರಾಡ್ ಕಡೆ ನೋಡಬೇಕು. ಎರಡು ಸಲ ಬಂದರೆ ಕ್ರ್ಯಾಂಕ್‌ಗೆ ಕಚ್ಚಿಕೊಂಡ ಭಾಗ. ಒಂದು ಎಚ್ಚರಿಕೆ: ಬಿಗ್ ಎಂಡ್ ಪವರ್ ಸ್ಟ್ರೋಕ್‌ನಲ್ಲಿ ಜೋರಾಗಿ ಬಡಿಯುವುದರಿಂದ ಅದೂ ಮಿನುಗಿಗೆ ಒಂದೇ ಸಲ ಕೇಳಿಸಬಹುದು. ಹಾಗಾಗಿ ಈ ಎಣಿಕೆಯ ಜೊತೆಗೆ ಒಂದೊಂದೇ ಪ್ಲಗ್ಗಿನ ಕಿಡಿ ನಿಲ್ಲಿಸಿ ನೋಡುವ ಪರೀಕ್ಷೆಯೂ ಆಗಲೇಬೇಕು.

ಕಣ್ಣು ಮಿನುಗಿನ ಮೇಲಿಟ್ಟು ಕಿವಿಗೊಟ್ಟಾಗ ತಿಳಿದದ್ದು: ಸದ್ದು ಒಂದಲ್ಲ, ಎರಡು. ಮಿನುಗಿಗೆ ಒಂದರಂತೆ ಚೂಪಾದ ‘ಟಿಕ್’, ಅದರ ಕೆಳಗೆ ಮಿನುಗಿಗೆ ಎರಡರಂತೆ ಮಂದವಾದ ‘ಧಬ್’. ಎರಡೂ ಒಂದರೊಳಗೊಂದು ಬೆರೆತು ಬಿಗ್ ಎಂಡ್‌ನ ಹಾಗೆ ಕೇಳುತ್ತಿತ್ತು.

ಆಮೇಲೆ ಒಂದೊಂದೇ ಸಿಲಿಂಡರ್‌ನ ಕರೆಂಟ್ ಕಟ್ ಮಾಡಿದೆವು. ವೈರ್ ಕಿತ್ತು ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಮತ್ತು ರೋಟರ್‌ಗೆ ಪೆಟ್ಟು. ಪ್ಲಾಸ್ಟಿಕ್ ಹಿಡಿಯ ಸ್ಕ್ರೂ ಡ್ರೈವರ್‌ನಿಂದ ಪ್ಲಗ್‌ನ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಅರ್ತ್ ಮಾಡುವುದೇ ಸರಿ. ಬಿಗ್ ಎಂಡ್ ಹೋಗಿದ್ದರೆ ಆ ಸಿಲಿಂಡರ್ ಕಟ್ ಮಾಡಿದಾಗ ಸದ್ದು ಗಣನೀಯವಾಗಿ ತಗ್ಗಬೇಕು. ಇಲ್ಲಿ ನಾಲ್ಕನ್ನೂ ಕಟ್ ಮಾಡಿ ನೋಡಿದರೂ ಎರಡು ಸದ್ದೂ ಇದ್ದ ಹಾಗೇ ಇದ್ದವು. ಇಗ್ನಿಷನ್ 4 ಡಿಗ್ರಿ ಹಿಂದಕ್ಕೆ ಸರಿಸಿದರೂ ಬದಲಾವಣೆ ಇಲ್ಲ, ಹಾಗಾಗಿ ಪಿಂಕಿಂಗ್ (ಪೆಟ್ರೋಲ್ ಸರಿಯಾಗಿ ಉರಿಯದೆ ಸಿಲಿಂಡರಿನಲ್ಲಿ ಬರುವ ಬಡಿತ) ಕೂಡ ಅಲ್ಲ.

ಎರಡನೇ ಭಾನುವಾರ: ಟಿಕ್

ಎರಡು ಅಡಿ ಕಬ್ಬಿಣದ ಸರಳಿನ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ರಾಕರ್ ಕವರ್ ಮೇಲೆ. (ತೋಳಿನ ಬಟ್ಟೆ ಮಡಚಿಕೊಳ್ಳಿ, ಫ್ಯಾನ್ ಪಕ್ಕದಲ್ಲೇ ಇದೆ.) ಮೂರನೇ ಸಿಲಿಂಡರ್‌ನ ಮೇಲೆ ಸದ್ದು ಅತಿ ಸ್ಪಷ್ಟ.

ಟ್ಯಾಪೆಟ್ ಗ್ಯಾಪ್, ಅಂದರೆ ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದು, 0.38 ಮಿಮೀ ಇರಬೇಕು, ಅಂದರೆ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು). ನೋಡುವ ಕ್ರಮಕ್ಕೆ ಒಂಬತ್ತರ ಲೆಕ್ಕ ಸಾಕು: ಪೂರ್ತಿ ತೆರೆದ ವಾಲ್ವ್‌ನ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಗ್ಯಾಪ್ ನೋಡಬೇಕಾದ ವಾಲ್ವ್ ಸಿಗುತ್ತದೆ. ಎಂಟು ತೆರೆದಾಗ ಒಂದು, ಆರು ತೆರೆದಾಗ ಮೂರು, ನಾಲ್ಕು ತೆರೆದಾಗ ಐದು. ಎಕ್ಸಾಸ್ಟ್ ವಾಲ್ವ್‌ಗಳು 1, 4, 5, 8.

ಸಂದು ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್, ಎಂಟರಲ್ಲೂ 0.38 ಎಂದೇ ಹೇಳಿತು. ಆದರೂ ಟಿಕ್ ನಿಲ್ಲಲಿಲ್ಲ. ಹಳೆಯ ರಾಕರ್‌ಗಳಲ್ಲಿ ಫೀಲರ್ ಗೇಜ್ ಮೋಸ ಮಾಡುವುದು ಇಲ್ಲೇ. ರಾಕರ್‌ನ ಮೂಗು ವಾಲ್ವ್ ತುದಿಗೆ ಬಡಿದು ಬಡಿದು ಅಲ್ಲೊಂದು ತಗ್ಗು ಬೀಳುತ್ತದೆ. ಗೇಜ್‌ನ ತಗಡು ತಗ್ಗಿನ ಎರಡು ದಂಡೆಗಳ ಮೇಲೆ ಸೇತುವೆಯ ಹಾಗೆ ಕೂತು ಗ್ಯಾಪ್ ಸರಿ ಎನ್ನುತ್ತದೆ, ತಗ್ಗಿನ ಆಳ ಲೆಕ್ಕಕ್ಕೇ ಬರುವುದಿಲ್ಲ. ಡಯಲ್ ಗೇಜ್‌ನ ಕಡ್ಡಿಯನ್ನು ರಾಕರ್‌ನ ಮೂಗಿನ ಮೇಲೆ ನಿಲ್ಲಿಸಿ ಕೈಯಿಂದ ಮೇಲೆ ಕೆಳಗೆ ಆಡಿಸಿದಾಗ ಮೂರನೇ ಸಿಲಿಂಡರಿನ ಮೇಲಿರುವ ಐದನೇ ರಾಕರ್‌ನಲ್ಲಿ 0.55 ಬಂತು. ಉಳಿದವು 0.39ರಿಂದ 0.42.

ರಾಕರ್ ಶಾಫ್ಟ್ ಇಳಿಸುವಾಗ ಬಹಳ ಜನ ಎಡವುವ ಜಾಗವೊಂದಿದೆ. ಹನ್ನೊಂದು ಹೆಡ್ ನಟ್‌ಗಳಲ್ಲಿ ನಾಲ್ಕು ರಾಕರ್ ಬ್ರಾಕೆಟ್‌ಗಳನ್ನೂ ಹಿಡಿದಿರುತ್ತವೆ. ಆ ನಾಲ್ಕನ್ನು ಮಾತ್ರ ಬಿಚ್ಚಿದರೆ ಹೆಡ್ ಒಂದು ಕಡೆ ಎದ್ದು ಸೊಟ್ಟಗಾಗುತ್ತದೆ, ನೀರು ಸಿಲಿಂಡರ್‌ಗೂ ಆಯಿಲ್ ಚೇಂಬರ್‌ಗೂ ಇಳಿಯುತ್ತದೆ. ಮೊದಲು ರೇಡಿಯೇಟರ್ ನೀರು ಖಾಲಿ ಮಾಡಿ, ಹನ್ನೊಂದನ್ನೂ ಕಾಲು ಕಾಲು ಸುತ್ತಿನಂತೆ ಸರದಿಯಲ್ಲಿ ಸಡಿಲಿಸಬೇಕು. ಅವಸರ ಸಲ್ಲದು.

ಶಾಫ್ಟ್ ಹೊಸದರಲ್ಲಿ 15.87 ಮಿಮೀ. ಐದನೇ ರಾಕರ್ ಕೂರುವ ಜಾಗದಲ್ಲಿ, ಕೆಳಮುಖದಲ್ಲಿ, 15.78ಕ್ಕೆ ಸವೆದಿತ್ತು. ತುದಿಯ ಸ್ಕ್ರೂ ಪ್ಲಗ್ ಬಿಚ್ಚಿದಾಗ ಒಳಗೆ ಕಪ್ಪು ಅಂಟು. ಐದನೇ ರಾಕರ್‌ನ ಆಯಿಲ್ ತೂತು ಮುಕ್ಕಾಲು ಮುಚ್ಚಿಹೋಗಿತ್ತು. ಸವೆತಕ್ಕೆ ಮೂಲ ಕಾರಣ ಇದೇ.

ರಾಕರ್‌ನ ಮೂಗನ್ನು ಉಜ್ಜಿ ಸಮ ಮಾಡಿಸಬಹುದು ಎನ್ನುವವರಿದ್ದಾರೆ. ಗಟ್ಟಿ ಪದರ ಮೇಲ್ಮೈಯಲ್ಲಿ ಮಾತ್ರ ಇರುವುದರಿಂದ ಇಷ್ಟು ಆಳದ ತಗ್ಗಿಗೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ, ಬೇಗನೆ ಮತ್ತೆ ತಗ್ಗು ಬೀಳುತ್ತದೆ. ಜೆ.ಸಿ. ರಸ್ತೆಯಲ್ಲಿ ರಾಕರ್, ಬುಷ್, ಶಾಫ್ಟ್ ಸಿಕ್ಕಿದವು. ಅಂಗಡಿಯಲ್ಲೇ ಸಣ್ಣ ಅರವನ್ನು ಮೂಗಿನ ಅಂಚಿಗೆ ಹಗುರವಾಗಿ ಎಳೆದು ನೋಡಿ. ಅರ ಜಾರಿದರೆ ಗಟ್ಟಿ ಮಾಲು, ಕಚ್ಚಿದರೆ ಮೆತ್ತಗಿನದು, ವಾಪಸ್ ಕೊಡಿ. ಮೂರರಲ್ಲಿ ಒಂದು ಕಚ್ಚಿತು.

ಹೊಸ ಬುಷ್ ಕೂರಿಸಿದ ಮೇಲೆ ಅದರ ಆಯಿಲ್ ತೂತು ರಾಕರ್‌ನ ತೂತಿಗೆ ಸರಿಹೊಂದಿದೆಯೇ ನೋಡಿ, ಆಮೇಲೆ ಒಳಅಳತೆ ಸರಿಮಾಡಲು ರೀಮರ್ ಹೊಡೆಸಿ. ಜೋಡಿಸಿ, ಕಾಯಿಸಿ, ಹೆಡ್ ನಟ್‌ಗಳನ್ನು ಮತ್ತೆ ಟಾರ್ಕ್ ಮಾಡಿ, ಗ್ಯಾಪ್ ಹೊಸದಾಗಿ ಸೆಟ್ ಮಾಡಿದೆವು. ಹೆಡ್ ಬಿಗಿದಾಗ ಗ್ಯಾಪ್ ಬದಲಾಗುತ್ತದೆ, ಹಾಗಾಗಿ ಮೊದಲಿನ ಸೆಟ್ಟಿಂಗ್ ಲೆಕ್ಕಕ್ಕಿಲ್ಲ. ಟಿಕ್ ನಿಂತಿತು.

ಮೂರನೇ ಭಾನುವಾರ: ಧಬ್

ಟಿಕ್ ಹೋದ ಮೇಲೆ ಧಬ್ ಇನ್ನೂ ಬಿಡಿಯಾಗಿ ಕೇಳಿಸಿತು. 700ರಿಂದ 900 ಆರ್‌ಪಿಎಂ ನಡುವೆ ಮಾತ್ರ, 1500 ದಾಟಿದರೆ ಇಲ್ಲ. ಬಿಗ್ ಎಂಡ್‌ನ ಸ್ವಭಾವ ಇದಕ್ಕೆ ಉಲ್ಟಾ: 1500–2000ರಲ್ಲಿ ರೇಸ್ ಬಿಟ್ಟ ಕ್ಷಣ ಅದು ಎದ್ದು ಕೇಳುತ್ತದೆ.

ಫ್ಯಾನ್ ಬೆಲ್ಟ್ ಕಳಚಿ ಸ್ಟಾರ್ಟ್ ಮಾಡಿದೆವು. ವಾಟರ್ ಪಂಪ್ ನಿಂತಿರುವುದರಿಂದ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ಸದ್ದು ಹೋಗಲಿಲ್ಲ, ಆದರೆ ಲಯ ಕೆಟ್ಟು ಅಡ್ಡಾದಿಡ್ಡಿಯಾಯಿತು. ಡೈನಮೋ ಅಥವಾ ವಾಟರ್ ಪಂಪ್‌ನದಾಗಿದ್ದರೆ ಪೂರ್ತಿ ನಿಲ್ಲಬೇಕಿತ್ತು. ಬೆಲ್ಟಿನ ಎಳೆತ ಇಲ್ಲದಾಗ ಲಯ ಬದಲಾಗುವುದೆಂದರೆ ಅನುಮಾನ ಕ್ರ್ಯಾಂಕ್ ಪುಲ್ಲಿಯ ಮೇಲೆಯೇ. ಎಂಜಿನ್ ಆಫ್ ಮಾಡಿ, ಟಾಪ್ ಗೇರ್ ಹಾಕಿ, ಪುಲ್ಲಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಚಿದಾಗ ಕೈಗೇ ಗೊತ್ತಾಯಿತು: ಕ್ರ್ಯಾಂಕ್ ಅಲ್ಲಾಡದೆ ಪುಲ್ಲಿ ಮಾತ್ರ ಕೂದಲೆಳೆಯಷ್ಟು ಆಡುತ್ತಿತ್ತು.

ರೇಡಿಯೇಟರ್ ಇಳಿಸಿ ನೋಡಿದರೆ ಎಂಜಿನ್ ತಿರುಗಿಸುವ ಹ್ಯಾಂಡಲ್ ಸಿಕ್ಕಿಸುವ ದೊಡ್ಡ ನಟ್ ಸಡಿಲ, ಅದರ ಲಾಕ್ ವಾಷರ್‌ನ ಕಿವಿ ಮಡಚಿಯೇ ಇರಲಿಲ್ಲ. ಪುಲ್ಲಿಯನ್ನು ಕ್ರ್ಯಾಂಕಿಗೆ ಕಚ್ಚಿಸುವ ಸಣ್ಣ ಲೋಹದ ತುಂಡು, ಅಂದರೆ ಕೀ, ಸವೆದಿತ್ತು, ಅದು ಕೂರುವ ಪುಲ್ಲಿಯ ಸ್ಲಾಟ್ ಒಂದು ಬದಿಗೆ ಅಗಲವಾಗಿತ್ತು. ಕ್ರ್ಯಾಂಕ್‌ನ ಕಡೆ ಪುಣ್ಯಕ್ಕೆ ಏನೂ ಆಗಿರಲಿಲ್ಲ. ಲೇತ್‌ನಲ್ಲಿ ಪುಲ್ಲಿಗೆ ಬೇರೆ ಕಡೆ ಸ್ಲಾಟ್ ಕೊರೆಸಬಹುದು, ಆದರೆ ಆಗ ಟೈಮಿಂಗ್ ಗುರುತಿನ ಜಾಗ ಬದಲಾಗಿ ಹೊಸದಾಗಿ ಗುರುತು ಹಾಕಬೇಕಾಗುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಸ್ಲಾಟ್ ಸವೆಯದ ಹಳೆಯ ಪುಲ್ಲಿ ಸಿಕ್ಕಿದ್ದರಿಂದ ಆ ರಗಳೆ ತಪ್ಪಿತು. ಹೊಸ ಕೀ, ಹೊಸ ಲಾಕ್ ವಾಷರ್, ಹೇಗೂ ಬಿಚ್ಚಿದ್ದಕ್ಕೆ ಕ್ಯಾಮ್ ಶಾಫ್ಟ್ ತಿರುಗಿಸುವ ಚೈನ್ ಕವರ್‌ನ ಆಯಿಲ್ ಸೀಲ್. ನಟ್‌ಗೆ 70 ಪೌಂಡ್-ಅಡಿ ಟಾರ್ಕ್, ನಂತರ ವಾಷರ್‌ನ ಕಿವಿ ನಟ್‌ನ ಚಪ್ಪಟೆ ಮುಖಕ್ಕೆ ಮಡಚಿದೆವು.

ಕಾದ ಎಂಜಿನ್, 750 ಆರ್‌ಪಿಎಂ: ಎರಡೂ ಸದ್ದು ಇಲ್ಲ. ಚೈನ್‌ನ ಸಣ್ಣ ಸರಸರ ಈಗ ಕೇಳಿಸುತ್ತಿದೆ, ಮೊದಲು ಉಳಿದ ಗದ್ದಲದಲ್ಲಿ ಮುಚ್ಚಿಹೋಗಿತ್ತು. 500 ಕಿಮೀ ಆದ ಮೇಲೆ ಐದನೇ ರಾಕರ್‌ಗೆ ಮತ್ತೆ ಡಯಲ್ ಗೇಜ್ ಇಡುತ್ತೇವೆ, ಚೈನ್ ಕವರ್ ತೆರೆಯಬೇಕೇ ಎಂಬ ತೀರ್ಮಾನವೂ ಆಗ.