ಹಳೇ ಬೆಲ್ಟ್ ಕೊಟ್ಟರೇನೇ ಹೊಸದು

ಚಾಕು ಉಜ್ಜುವ, ಮರಳು ಕಾಗದದಂಥ ಗ್ರೈಂಡಿಂಗ್ ಬೆಲ್ಟಿಗೆ ಇದು ನಮ್ಮ ಸ್ಟೋರ್‌ನ ನಿಯಮ. ಅದೂ ಸ್ಟೋರ್‌ನವರು ಬೆಲ್ಟ್ ಮೇಲೆ ಬೆರಳಾಡಿಸಿ "ಇನ್ನೂ ಓಡತ್ತಲ್ಲ ಸಾರ್" ಅನ್ನದೇ ಇದ್ದರೆ. ಪೀಣ್ಯದಲ್ಲಿ ಅಡುಗೆಮನೆ ಚಾಕು ಮಾಡುವ ಸಣ್ಣ ಯೂನಿಟ್ ನಮ್ಮದು. ಇಎನ್31 ಉಕ್ಕಿನ ಪಟ್ಟಿ, ಎರಡು ಇಂಚು ಅಗಲ, ಎಪ್ಪತ್ತೆರಡು ಇಂಚು ಉದ್ದದ ಬೆಲ್ಟು, ಉಕ್ಕನ್ನು ಕಾಯಿಸಿ ಗಡಸು ಮಾಡುವ ಹೀಟ್ ಟ್ರೀಟ್‌ಮೆಂಟ್ ಹೊರಗಡೆ. ಗ್ರೈಂಡಿಂಗ್ ನನ್ನ ತಲೆ ಮೇಲೆ.

ಹೋಟೆಲೊಂದಕ್ಕೆ ಹೋಗಿದ್ದ ಲಾಟ್ ವಾಪಸ್ ಬಂತು. ತುದಿಯ ಕಡೆ ಹರಿತ ನಿಲ್ಲುತ್ತಿಲ್ಲ, ಬೆಳಿಗ್ಗೆ ಮಸೆದರೆ ಸಂಜೆಗೆ ಮೊಂಡು. ಹಿಡಿಯ ಹತ್ತಿರ ಮಾತ್ರ ಚೆನ್ನಾಗಿದೆಯಂತೆ. ಚಾಕು ಕೈಗೆತ್ತಿಕೊಳ್ಳುವ ಮೊದಲೇ ನಾನು "ಹೀಟ್ ಟ್ರೀಟ್‌ಮೆಂಟ್ ಸರಿ ಇಲ್ಲ" ಅಂದುಬಿಟ್ಟೆ. ಓನರ್‌ಗೂ ಅದೇ ಬೇಕಿತ್ತು, ಹೀಟ್ ಟ್ರೀಟ್‌ಮೆಂಟ್‌ನವರ ಬಿಲ್ ತಡೆಯಬಹುದಲ್ಲ.

ಹೀಟ್ ಟ್ರೀಟ್‌ಮೆಂಟ್ ಯಜಮಾನರು ದನಿ ಏರಿಸಲಿಲ್ಲ. ಒಂದು ಬ್ಲೇಡ್ ತಗೊಂಡು ಹಿಡಿಯ ಹತ್ತಿರ ಗಡಸು ಅಳೆಯುವ ರಾಕ್‌ವೆಲ್ ಹಾಕಿದರು. 60. ಇನ್ನೊಂದು, 59. "ತುದೀಲಿ ನೋಡಿ" ಅಂದೆ ನಾನು. "ಅಷ್ಟು ತೆಳ್ಳಗಿನ ಮೇಲೆ ರಾಕ್‌ವೆಲ್ ಸರಿ ತೋರಿಸಲ್ಲ ಸ್ವಾಮಿ" ಅಂತ ಅರ ಎತ್ತಿಕೊಂಡರು. ಹಿಡಿಯ ಕಡೆಯಿಂದ ಅಂಚಿನ ಮೇಲೆ ಎಳೆಯುತ್ತಾ ಬಂದರು. ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತಿತ್ತು. ತುದಿ ಹತ್ತಿರ ಬಂದಾಗ ಕಚ್ಚಿತು, ಅಲ್ಲಿ ಉಕ್ಕು ಮೆತ್ತಗಾಗಿತ್ತು. ಟೇಬಲ್ ಮೇಲೆ ಸಣ್ಣಗೆ ಕಬ್ಬಿಣದ ಪುಡಿ ಉದುರಿತು.

"ಟೆಂಪರ್ ಆದ್ಮೇಲೆ ಯಾವ ಬೆಲ್ಟಲ್ಲಿ ಹೊಡೀತೀರಿ?"

ಟೆಂಪರ್ ಅಂದರೆ ಹೀಟ್ ಟ್ರೀಟ್‌ಮೆಂಟಿನ ಕೊನೆಗೆ ಹದವಾಗಿ ಕಾಯಿಸೋದು. ಓನರ್ ನನ್ನ ಕಡೆ ನೋಡಿದರು. ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ. ಸವೆದ 60ರ ಸೆರಾಮಿಕ್ ಬೆಲ್ಟನ್ನೇ 120ರ ಹಾಗೆ (ನಂಬರ್ ಹೆಚ್ಚಿದಷ್ಟೂ ಕಾಳು ನಯ) ಬಳಸಿ ಅಂತ ಹುಡುಗರಿಗೆ ಹೇಳಿಕೊಟ್ಟವನು ನಾನೇ. ಉಳಿತಾಯ ಅಂದುಕೊಂಡಿದ್ದೆ.

ಸೆರಾಮಿಕ್ ಕಾಳು ಒತ್ತಡಕ್ಕೆ ಒಡೆದರೇನೇ ಹೊಸ ಚೂಪು ಬರೋದು. ಹೀಟ್ ಟ್ರೀಟ್ ಆದ ತೆಳು ಅಲಗನ್ನು ಯಾರೂ ಒತ್ತಿ ಹಿಡಿಯಲ್ಲ. ಕಾಳು ಒಡೆಯದೆ ನುಣುಪಾಗುತ್ತೆ, ಆಮೇಲೆ ಬೆಲ್ಟ್ ಕತ್ತರಿಸೋದು ಬಿಟ್ಟು ಬರೀ ಉಜ್ಜಿ ಬಿಸಿ ಮಾಡುತ್ತೆ. ನಮ್ಮ ಟೆಂಪರ್ 200 ಡಿಗ್ರಿ, ಅದನ್ನು ಮೀರಿ ಬಿಸಿಯಾದರೆ ಗಡಸು ಇಳಿಯುತ್ತೆ. ಅಗಲವೂ ದಪ್ಪವೂ ಕಮ್ಮಿ ಇರುವ ತುದಿ 300ರ ಹತ್ತಿರ ಹೋಗಿ ನೀಲಿಯಾಗೋಕೆ ಕ್ಷಣ ಸಾಕು. ನೀಲಿ ಬಂದ ಮೇಲೆ ಬಕೆಟ್‌ಗೆ ಅದ್ದಿದರೆ ಹೋದ ಗಡಸು ವಾಪಸ್ ಬರಲ್ಲ. ಇನ್ನೂ ಉರಿಯೋ ವಿಷಯ ಅಂದರೆ, ಮುಂದಿನ 400ರ ಬೆಲ್ಟ್ ಆ ನೀಲಿಯನ್ನು ನೀಟಾಗಿ ಒರೆಸಿ ಹಾಕಿತ್ತು. ತಪಾಸಣೆ ಮಾಡೋ ಕ್ಯೂಸಿಗೆ ಹೋದದ್ದೆಲ್ಲ ಫಳಫಳ ಹೊಳೆಯೋ ಚಾಕು.

ಈಗ ಟೆಂಪರ್ ಆದ ಮೇಲೆ ಹೊಸ ಬೆಲ್ಟೇ, ವಿಎಫ್‌ಡಿಯಲ್ಲಿ ಮೋಟಾರ್ ವೇಗ ಇಳಿಸಿ, ಬಿಸಿ ಗೊತ್ತಾಗಲಿ ಅಂತ ಗ್ಲೌಸ್ ಇಲ್ಲದ ಕೈಯಲ್ಲಿ, ಪ್ರತಿ ಪಾಸಿಗೂ ನೀರು. 400ಕ್ಕೆ ಹೋಗೋ ಮೊದಲು ತುದಿ ಬಣ್ಣ ನೋಡಬೇಕು. ಸವೆದ ಸೆರಾಮಿಕ್ ಹೀಟ್ ಟ್ರೀಟ್‌ಗೂ ಮುಂಚೆ ಆಕಾರ ಕೊಡೋ ಪ್ರೊಫೈಲ್ ಕೆಲಸಕ್ಕೆ. ಇನ್ನೂ ಓಡತ್ತೆ ಅನ್ನೋ ಮಾತೇ ಬರದ ಹಾಗೆ, ಮುಗಿದ ಬೆಲ್ಟನ್ನು ಹುಡುಗರು ಹರಿದೇ ಸ್ಟೋರ್‌ಗೆ ಕೊಡ್ತಾರೆ. ನಾನು ನೋಡಿಲ್ಲ.

ಪರ್ಚೇಸ್‌ನವರಿಗೆ ಇದ್ಯಾವುದೂ ತಟ್ಟಿಲ್ಲ. ಬೆಲ್ಟಿಗೆಷ್ಟು ಅಂತ ನೋಡ್ತಾರೆ, ಒಂದು ಬೆಲ್ಟಲ್ಲಿ ಎಷ್ಟು ಚಾಕು ಬಂತು ಅಂತ ಕೇಳಲ್ಲ. ಮೊನ್ನೆ ಅಗ್ಗದ ಬೆಲ್ಟ್ ಒಂದು ಡಬ್ಬ ತರಿಸಿದರು. ಜಾಯಿಂಟ್ ದಪ್ಪ, ಬೆಲ್ಟಿನ ಹಿಂದೆ ಆನಿಕೆಗಿರೋ ಪ್ಲೇಟನ್ ಮೇಲೆ ಹಾದಾಗಲೆಲ್ಲ ಟಕ್ ಅಂತ ಅಲಗಿನ ಇಳಿಜಾರು, ಅಂದರೆ ಬೆವೆಲ್ ಮೇಲೊಂದು ಗೆರೆ. ಮೇಲಾಗಿ ಯುರೋಪಿನ ಅಳತೆಯ ಪಿ400 ಇಂಡೆಂಟ್ ಹಾಕಿದರೆ ಪಿ ಇಲ್ಲದ 400 ಬಂದಿದೆ. ಅಮೆರಿಕದ ಅಳತೆಯ 400 ಇನ್ನೂ ನಯ. ಎರಡೂ ಒಂದೇ ಮೊಳೆಗೆ ನೇತು ಹಾಕಿದ್ದರಿಂದ ಒಂದೇ ಸೆಟ್ಟಿನ ಚಾಕುಗಳ ಫಿನಿಶ್ ಒಂದೊಂದು ಥರ. "ನಂಬರ್ ಅದೇ ಅಲ್ವಾ ಸಾರ್?" ಅಂತಾರೆ.

ವಾಪಸ್ ಬಂದ ಲಾಟಿನ ತುದಿ ಕತ್ತರಿಸಿ, ಈ ಸಲ ನೀರು ಬಿಟ್ಟುಕೊಂಡೇ ಮಸೆದು, ಸಣ್ಣ ತರಕಾರಿ ಚಾಕು ಅಂತ ಮಾರಿದೆವು. ತಡೆದಿದ್ದ ಬಿಲ್ಲನ್ನೂ ಓನರ್ ಕೊಟ್ಟರು. ಆದರೂ ಹೀಟ್ ಟ್ರೀಟ್‌ಮೆಂಟ್ ಯಜಮಾನರು ಆವತ್ತಿನಿಂದ ನಮ್ಮ ಲಾಟಿಗೆ ಮಾತ್ರ ಮುಂಗಡ ಕೇಳ್ತಾರೆ.