ಅಂಗೈಗೆ ಇಳಿದು ಸೊರಗಿದ ರೇಸ್

ಟಿವಿಯ ಮುಂದೆ ಕುಳಿತು ವರ್ಷಗಟ್ಟಲೆ ಆಡಿ ಮೆಚ್ಚಿದ್ದ ಕಾರ್ ರೇಸಿಂಗ್ ಗೇಮೊಂದರ ಪಿಎಸ್‌ಪಿ (ಕೈಯಲ್ಲಿ ಹಿಡಿದು ಆಡುವ ಸೋನಿ ಕಂಪನಿಯ ಗೇಮ್ ಸಾಧನ) ಆವೃತ್ತಿಯನ್ನು ಬಹಳ ಆಸೆಯಿಂದ ಕೊಂಡೆನಾದರೂ, ಎರಡೇ ದಿನಗಳಲ್ಲಿ ಪಕ್ಕಕ್ಕಿಟ್ಟೆ. 4.3 ಇಂಚಿನ, 480×272 ಪಿಕ್ಸೆಲ್‌ಗಳ ಪರದೆ ಚಿಕ್ಕದೆಂಬುದು ನನ್ನ ದೂರಲ್ಲ. ಅದು ಗೊತ್ತಿದ್ದೇ ಕೊಂಡದ್ದು. ಆದರೆ ತಿರುವಿನಲ್ಲಿ ನಾಲ್ಕೈದು ಕಾರುಗಳು ಒಟ್ಟಿಗೆ ಸೇರಿದೊಡನೆ ಚಿತ್ರ ತಡವರಿಸಿ, ಬ್ರೇಕ್ ಒತ್ತಿದರೂ ಕಾರು ಅರೆಕ್ಷಣ ತಡವಾಗಿ ಮಣಿದು, ನಾನು ತಡೆಗೋಡೆಗೆ ಹೋಗಿ ಬಡಿಯುವುದೇ ಪಾಡಾಯಿತು. ಆ ಸಾಧನದ ಗುಂಡಿಗಳಿಗೆ ಬೆರಳಿನ ಒತ್ತಡದ ಹೆಚ್ಚುಕಡಿಮೆ ತಿಳಿಯದು. ಒತ್ತಿದರೆ ಪೂರ್ತಿ ವೇಗ, ಬಿಟ್ಟರೆ ಏನೂ ಇಲ್ಲ. ಇದನ್ನು ಬಲ್ಲ ತಯಾರಕರು ಕಾರಿನ ನಡವಳಿಕೆಯನ್ನು ಅದಕ್ಕೆ ತಕ್ಕಂತೆ ತಿದ್ದಬೇಕಿತ್ತು. ಬದಲಿಗೆ ಟಿವಿಗೆ ಜೋಡಿಸುವ ದೊಡ್ಡ ಕನ್ಸೋಲಿನದನ್ನೇ ತಂದು ತುರುಕಿದ್ದಾರೆ. ಎಂಜಿನ್ನಿನ ಸದ್ದಂತೂ, ಹೇಳಲೇಬೇಕು, ಹೊಲಿಗೆ ಯಂತ್ರದ್ದು. ಪ್ರತಿ ರೇಸಿಗೂ ಮುನ್ನ ಡಿಸ್ಕ್ ಗಿರಗಿರನೆ ತಿರುಗುವುದನ್ನು ಕೇಳುತ್ತ ಕಾಯುವ ಹೊತ್ತಿನಲ್ಲಿ ಒಂದು ಸುತ್ತನ್ನೇ ಮುಗಿಸಬಹುದಿತ್ತು.