ಹದಿನಾಲ್ಕು ಚೀಲ ಹೊಂಗೆ ಎಲೆ

ಭಾನುವಾರ, ಫೆಬ್ರವರಿ 16, 2025
ಬೆಂಗಳೂರು

ಬೆಳಿಗ್ಗೆ ಆರೂವರೆಗೆ ಎರಡನೇ ಕಾಂಪೋಸ್ಟ್ ಡ್ರಮ್ಮಿನ ಮುಚ್ಚಳ ತೆಗೆದೆ. ಹಾಗೇ ಮುಚ್ಚಿಬಿಟ್ಟೆ. ಕೊಳೆತ ಮೊಟ್ಟೆಯ ವಾಸನೆ. ಮೊದಲ ಮಹಡಿಯವರು ಕಿಟಕಿ ಎಳೆದುಕೊಂಡ ಸದ್ದು ಕೇಳಿಸಿತು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅನ್ನಬೇಕಾದ್ದನ್ನೆಲ್ಲ ನಿನ್ನೆಯೇ ವಾಟ್ಸಾಪ್‌ನಲ್ಲಿ ಅಂದು ಮುಗಿಸಿದ್ದರು: "ಡ್ರಮ್ ತೆಗೆಸಿ ಸಾರ್, ಹಸಿ ಕಸಾನೂ ಕಸದ ಗಾಡಿಯವರಿಗೇ ಕೊಟ್ಟುಬಿಡೋಣ."

ನಮ್ಮದು 18 ಮನೆಗಳ ಕಟ್ಟಡ. ಒಣ ಕಸದ ತಾಪತ್ರಯ ಇಲ್ಲ. ಹಾಲಿನ ಕವರ್ ತೊಳೆದು ಒಣಗಿಸಿ ಚೀಲಕ್ಕೆ ಹಾಕುವುದು ಎಲ್ಲರಿಗೂ ರೂಢಿಯಾಗಿದೆ. ತಲೆನೋವು ಹಸಿ ಕಸದ್ದು. ಕಳೆದ ನವೆಂಬರಿನಲ್ಲಿ ಎರಡು ಡ್ರಮ್ ತಂದು, ತೂತು ಕೊರೆಸಿ ಕಾಂಪೋಸ್ಟ್ ಶುರು ಮಾಡಿದ್ದು ನಾನೇ. ಹಾಗಾಗಿ ಬೈಗುಳವೂ ನನಗೇ.

ತಪ್ಪು ಎಲ್ಲಾಯಿತು ಅಂತ ಗೊತ್ತಿದೆ. ಇದು ಅವರೆಕಾಯಿ ಕಾಲ. ಮನೆಮನೆಯಿಂದ ಹಿದುಕಿದ ಸಿಪ್ಪೆ ರಾಶಿ ರಾಶಿ ಬಂತು, ಅದೂ ನೀರು ಸೋರುತ್ತಾ. ಅದೇ ಹೊತ್ತಿಗೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಖಾಲಿ. "ಎರಡು ವಾರ ತಾನೇ, ನಡೆಯುತ್ತೆ" ಅಂತ ಸುಮ್ನೆ ತುಂಬುತ್ತಾ ಹೋದೆ. ತರಕಾರಿ ಸಿಪ್ಪೆಯಲ್ಲಿ ನೀರು, ಸಾರಜನಕ ಎರಡೂ ಜಾಸ್ತಿ. ಇಂಗಾಲ ಬರಬೇಕಾದ್ದು ಒಣ ಎಲೆ, ತೆಂಗಿನ ನಾರು, ಮರದ ಹೊಟ್ಟಿನಿಂದ. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು ಅನ್ನುವುದು ಲೆಕ್ಕ. ಅದು ತಪ್ಪಿದರೆ ರಾಶಿ ಮುದ್ದೆಯಾಗುತ್ತದೆ, ಗಾಳಿ ಆಡಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಹೆಚ್ಚಿಕೊಂಡು ನಾರಲು ಶುರು. ಇದನ್ನೆಲ್ಲ ಓದಿಕೊಂಡಿದ್ದೆ. ಓದಿದ್ದು ಡ್ರಮ್ಮಿನೊಳಕ್ಕೆ ಇಳಿಯಲಿಲ್ಲ, ಅಷ್ಟೇ.

ಮೂರನೇ ಮಹಡಿಯ ಅಜ್ಜಿ ವಾಕಿಂಗ್ ಮುಗಿಸಿ ಬರುತ್ತಿದ್ದರು. ಶಿರಸಿ ಕಡೆಯವರು. ಮೂಗು ಮುಚ್ಚಿಕೊಳ್ಳದೆ ಡ್ರಮ್ಮಿಗೆ ಬಗ್ಗಿ ನೋಡಿದವರು ಅವರೊಬ್ಬರೇ.

"ತಮ್ಮಾ, ಇದಕ್ಕೆ ದರಕು ಹಾಕಲೇ ಇಲ್ವೇನೋ?"

ದರಕು ಅಂದರೆ ತರಗೆಲೆ. ಅವರ ಊರಲ್ಲಿ ಬೇಸಿಗೆಯಲ್ಲಿ ದರಕು ಗುಡಿಸಿ ಹೊರೆಗಟ್ಟಲೆ ತಂದು ಕೂಡಿಡುತ್ತಾರಂತೆ. ಕೊಟ್ಟಿಗೆಗೆ ಹಾಸಿದರೆ ದನ ತುಳಿದು, ಸಗಣಿ ಗಂಜಲ ಕೂಡಿ ಗೊಬ್ಬರದ ಗುಂಡಿಗೆ ಹೋಗುತ್ತದೆ. ಅಡಿಕೆ ತೋಟಕ್ಕೆ ಬೇಕಾದ ಎಲೆಗೆಂದೇ ಬಿಟ್ಟ ಕಾಡಿಗೆ ಸೊಪ್ಪಿನ ಬೆಟ್ಟ ಅಂತ ಹೆಸರು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಎಲೆಗೆ ಅಷ್ಟು ಬೆಲೆ! ನಾನಿಲ್ಲಿ ತೆಂಗಿನ ನಾರಿನ ಇಟ್ಟಿಗೆ ದುಡ್ಡು ಕೊಟ್ಟು ತರಿಸುತ್ತಿದ್ದೇನೆ.

ಗೇಟು ದಾಟಿ ನೋಡಿದರೆ ನಮ್ಮ ಬೀದಿಯೇ ಸೊಪ್ಪಿನ ಬೆಟ್ಟ. ಹೊಂಗೆ ಮರಗಳು ಎಲೆ ಉದುರಿಸುವ ಸಮಯ. ಬೀದಿ ಗುಡಿಸುವ ಅಕ್ಕ ಮೂಲೆಯಲ್ಲಿ ಗುಡ್ಡೆ ಮಾಡಿ ಬೆಂಕಿಪೊಟ್ಟಣ ಹುಡುಕುತ್ತಿದ್ದರು.

"ಅಕ್ಕಾ, ಸುಡಬೇಡಿ, ನನಗೆ ಕೊಡಿ" ಅಂದೆ.

"ತಗೊಳ್ಳಿ ಸಾರ್, ನನಗೇನು ಸುಡೋ ಆಸೆನಾ? ಕಸದ ಗಾಡಿಯವರು ಎಲೆ ಹತ್ತಿಸಿಕೊಳ್ಳಲ್ಲ. ಇಲ್ಲೇ ಬಿಟ್ರೆ ಮೇಸ್ತ್ರಿ ಬಯ್ತಾರೆ."

ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆದರೆ ಎಲೆ ಒಯ್ಯಲು ಗಾಡಿಯೇ ಇಲ್ಲದಿದ್ದರೆ ಆಕೆ ಏನು ಮಾಡಬೇಕು? ಬೆಂಗಳೂರಿನ ಕಸ ಹೋಗಿ ಬೀಳುತ್ತಿದ್ದುದು ಊರಾಚೆಯ ಹಳ್ಳಿಗಳಲ್ಲಿ: 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡೆ ಮುಚ್ಚಿತು, 2014ರ ಕೊನೆಗೆ ಮಂಡೂರಿನ ಜನ ಸಾಕಪ್ಪಾ ಅಂತ ನಮ್ಮ ಕಸದ ಲಾರಿಗಳನ್ನು ನಿಲ್ಲಿಸಿದರು. ಎಲೆಯನ್ನಂತೂ ಆ ದೂರಕ್ಕೆ ಸಾಗಿಸುವ ಮಾತೇ ಇರಬಾರದು. ಮರದ ಬುಡದಲ್ಲಿ ಜಾಲರಿ ಸುತ್ತಿ ತುಂಬಿದರೂ ತನ್ನಷ್ಟಕ್ಕೆ ಮಣ್ಣಾಗುತ್ತೆ, ಅಲ್ವಾ?

ಇಬ್ಬರೂ ಸೇರಿ ಹದಿನಾಲ್ಕು ಚೀಲ ತುಂಬಿದೆವು. ಎದುರು ಮನೆಯ ಹುಡುಗರು ಚೀಲದ ಮೇಲೆ ಕುಣಿದು ಎಲೆ ಅದುಮಿಕೊಟ್ಟರು.

ಆಮೇಲೆ ಡ್ರಮ್ಮಿನ ಕೆಲಸ. ಎಲ್ಲವನ್ನೂ ಟಾರ್ಪಾಲಿಗೆ ಸುರಿದು ಸಲಿಕೆಯಲ್ಲಿ ಮಗುಚಿದೆ. ಹುಳಗಳು ಕಂಡವು. ಅವು ಇರಲಿ, ಕಸ ತಿನ್ನುವ ಹುಳಗಳೇ. ತಳಕ್ಕೆ ಒಂದು ಗೇಣು ಎಲೆ, ಮೇಲೆ ಹಸಿ ಕಸ, ಮತ್ತೆ ಎಲೆ. ಮಧ್ಯೆ ಅಜ್ಜಿ ಕೊಟ್ಟ ಒಂದು ಚೊಂಬು ಹುಳಿ ಮಜ್ಜಿಗೆ. ಹಿಡಿಯಷ್ಟು ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸೋರಬಾರದು. ಮೂರನೇ ಸಲಕ್ಕೆ ಆ ಹದ ಬಂತು.

ಸಂಜೆ ಹೋಗಿ ಮೂಸಿದೆ. ವಾಸನೆ ಪೂರ್ತಿ ಹೋಗಿಲ್ಲ, ಅರ್ಧ ಇಳಿದಿದೆ. ಮೊದಲ ಮಹಡಿಯ ಕಿಟಕಿ ಇನ್ನೂ ಮುಚ್ಚಿಯೇ ಇದೆ. ಒಂದು ವಾರ ಟೈಮ್ ಕೊಡಿ ಅಂತ ಗುಂಪಿನಲ್ಲಿ ಹಾಕಿದ್ದೇನೆ. ಇಬ್ಬರು ಹೆಬ್ಬೆರಳು ಎತ್ತಿದ್ದಾರೆ, ಅದರಲ್ಲೊಂದು ನನ್ನ ಹೆಂಡತಿಯದು.

ಅಕ್ಕ ನಾಳೆ ಪಕ್ಕದ ರಸ್ತೆಯ ಎಲೆಯನ್ನೂ ತರುತ್ತಾರಂತೆ. ಚೀಲ ಸಾಲಲ್ಲ. ಬೆಳಿಗ್ಗೆ ದಿನಸಿ ಅಂಗಡಿಯಲ್ಲಿ ಅಕ್ಕಿಯ ಖಾಲಿ ಚೀಲ ಕೇಳಬೇಕು.